ಕಿತ್ತುಕೊಂಡವರೇ ಉಣ್ಣೋದು ಕಲಿಸ್ತಾರೆ

ಬಡವರಿಗೆ ಉಣ್ಣೋದು ಗೊತ್ತಿಲ್ಲ ಅನ್ನುವ ಮಾತನ್ನು ಮೊದಲು ಒಲೆಗೆ ಹಾಕಿ. ಆಮೇಲೆ ಬೇಕಾದರೆ ಪೌಷ್ಟಿಕ ಆಹಾರದ ಬಗ್ಗೆ ಮಾತಾಡೋಣ.

ಸೆಪ್ಟೆಂಬರ್ ಬಂತೆಂದರೆ ಪೋಷಣ ಮಾಸ. 2018ರಿಂದ ನಡೆದು ಬಂದಿರುವ ಈ ಸರ್ಕಾರಿ ಜಾತ್ರೆಯಲ್ಲಿ ಅಂಗನವಾಡಿಯ ಅಂಗಳದ ತುಂಬ ಕ್ಯಾರೆಟ್ಟು, ಬೀಟ್‌ರೂಟು, ಹೆಸರುಕಾಳು, ಕಡಲೆಕಾಳಿನ ರಂಗೋಲಿ. ಬಸುರಿ ಹೆಂಗಸರನ್ನು ಸಾಲಾಗಿ ಕೂರಿಸಿ, ಹಸಿರು ಬಳೆ ತೊಡಿಸಿ, ಮಡಿಲಕ್ಕಿ ತುಂಬಿ ಸೀಮಂತ. ಅದಾದ ಮೇಲೆ ಭಾಷಣ. ದಿನಾ ಹಾಲು ಕುಡೀರಿ, ಹಣ್ಣು ತಿನ್ನಿ, ಮೊಳಕೆ ಕಾಳು ತಿನ್ನಿ, ರಾತ್ರಿ ನಾಲ್ಕು ಬಾದಾಮಿ ನೆನೆಹಾಕಿ. ಕೇಳುತ್ತ ಕೂತವಳು ಅವತ್ತಿನ ಕೂಲಿ ಬಿಟ್ಟು ಬಂದಿದ್ದಾಳೆ. ಭಾಷಣ ಮಾಡುವವರು ಕೂಲಿ ಬಿಟ್ಟು ಬಂದಿಲ್ಲ, ಅವರಿಗೆ ಅದೇ ಸಂಬಳದ ಕೆಲಸ. ಸಭೆ ಮುಗಿದ ಮೇಲೆ ರಂಗೋಲಿಯ ಕ್ಯಾರೆಟ್ಟು ಯಾರ ಮನೆಗೆ ಹೋಯಿತೆಂದು ಯಾವ ವರದಿಯಲ್ಲೂ ಬರೆಯುವುದಿಲ್ಲ. ಫೋಟೋ ಮಾತ್ರ ಮೊಬೈಲಿನಿಂದ ಮೇಲಕ್ಕೆ ಹೋಗುತ್ತದೆ. ಅಂಗನವಾಡಿ ಕಾರ್ಯಕರ್ತೆಯ ಮೇಲೆ ನನಗೆ ಸಿಟ್ಟಿಲ್ಲ, ಅವಳೂ ನಮ್ಮವಳೇ. ಒಂದು ಮಗುವಿನ ಪೂರಕ ಆಹಾರಕ್ಕೆಂದು 2017ರಲ್ಲಿ ಕೇಂದ್ರ ಸರ್ಕಾರ ನಿಗದಿ ಮಾಡಿದ ದುಡ್ಡು ದಿನಕ್ಕೆ 8 ರೂಪಾಯಿ. ಆ ಎಂಟು ರೂಪಾಯಿ ಹಿಡಿದುಕೊಂಡು ಅವಳು ಬೇರೇನು ತಾನೇ ಮಾಡಬೇಕು, ರಂಗೋಲಿಯನ್ನೇ ಹಾಕಬೇಕು.

ಲೆಕ್ಕ ಹಾಕಿ ತೋರಿಸುತ್ತೇನೆ, ಯಾಕೆಂದರೆ ನಮ್ಮ ಸಿಟ್ಟನ್ನು ಭಾವುಕತೆ ಎಂದು ತಳ್ಳಿಹಾಕುವವರು ಬಹಳ ಮಂದಿ ಇದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಆಹಾರ ಮಾರ್ಗಸೂಚಿ ಹೊರತಂದಿತು. ಅದರ ತಟ್ಟೆಯ ಪ್ರಕಾರ ಒಬ್ಬ ವಯಸ್ಕರಿಗೆ ದಿನಕ್ಕೆ 250 ಗ್ರಾಂ ಧಾನ್ಯದ ಜೊತೆ 85 ಗ್ರಾಂ ಬೇಳೆಕಾಳು, ಮೊಟ್ಟೆ ಅಥವಾ ಮಾಂಸ, 400 ಗ್ರಾಂ ತರಕಾರಿ ಸೊಪ್ಪು, 100 ಗ್ರಾಂ ಹಣ್ಣು, 300 ಮಿಲಿ ಹಾಲು, 35 ಗ್ರಾಂ ಬೀಜ, 27 ಗ್ರಾಂ ಎಣ್ಣೆ ಬೇಕು. ಐದು ಜನರ ಮನೆ ಅಂತಿಟ್ಟುಕೊಳ್ಳಿ. ಅಕ್ಕಿಯನ್ನು ಲೆಕ್ಕದಿಂದ ಬಿಡಿ, ರೇಷನ್ನಿನಲ್ಲಿ ಬಂತು. ಹಾಲು ಒಂದೂವರೆ ಲೀಟರು, ಲೀಟರಿಗೆ 46ರಂತೆ 69 ರೂಪಾಯಿ. ಬೇಳೆ ಕಿಲೋಗೆ 120ಕ್ಕೇ ಸಿಕ್ಕಿತೆಂದರೂ 51. ತರಕಾರಿ ಎರಡು ಕಿಲೋ, ಸಂತೆಯ ಕೊನೆಯಲ್ಲಿ ಚೌಕಾಸಿ ಮಾಡಿ ತಂದದ್ದು 80. ಸೇಬು ಬೇಡ, ಬಾಳೆಹಣ್ಣೇ ಆಗಲಿ, 25. ಬಾದಾಮಿ ಬೇಡ, ಕಡಲೆಬೀಜ 24. ಎಣ್ಣೆ 20. ಒಟ್ಟು 269 ರೂಪಾಯಿ. ಮಕ್ಕಳ ಹೊಟ್ಟೆ ಚಿಕ್ಕದು ಅಂತ ನೀವು ವಾದ ತೆಗೆದರೆ 200ಕ್ಕೆ ಇಳಿಸುತ್ತೇನೆ, ತಿಂಗಳಿಗೆ ಆರು ಸಾವಿರವಾಯಿತು. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 370 ರೂಪಾಯಿ, ಅದೂ ಕಾಯ್ದೆಯ ಪುಸ್ತಕದಲ್ಲಿದ್ದದ್ದು ವರ್ಷಕ್ಕೆ 100 ದಿನ. ಗ್ಯಾಸು, ಬಾಡಿಗೆ, ಬಸ್ಸು, ಮಾತ್ರೆ, ಸಂಘದ ಸಾಲದ ವಾರದ ಕಂತು ಇವೆಲ್ಲ ಇನ್ನೂ ಬಾಗಿಲಲ್ಲೇ ನಿಂತಿವೆ. ಕಂತು ಕಟ್ಟದಿದ್ದರೆ ಮನೆ ಮುಂದೆ ಬಂದು ಕೂರುತ್ತಾರೆ. ಹಾಲು ಕುಡಿಯದಿದ್ದರೆ ಯಾರೂ ಬಂದು ಕೂರುವುದಿಲ್ಲ. ಯಾವ ಖರ್ಚನ್ನು ಮೊದಲು ಕತ್ತರಿಸಬೇಕೆಂದು ನಮ್ಮ ಹೆಂಗಸರಿಗೆ ಯಾವ ಪೋಷಣ ತಜ್ಞರೂ ಹೇಳಿಕೊಡಬೇಕಿಲ್ಲ.

ಇನ್ನು ಗೊತ್ತಿಲ್ಲ ಅನ್ನುವ ಮಾತಿಗೆ ಬರುತ್ತೇನೆ.

ಮಂಡ್ಯ, ತುಮಕೂರು, ರಾಮನಗರ, ಕೋಲಾರದ ಕಡೆ ಬೆರಕೆ ಸೊಪ್ಪು ಅಂತ ಒಂದುಂಟು. ರಾಗಿ ಹೊಲದಲ್ಲಿ, ಅವರೆ ಸಾಲಿನಲ್ಲಿ ಕಳೆ ಕೀಳಲು ಹೋದ ಹೆಂಗಸರು ಸಂಜೆ ವಾಪಸು ಬರುವಾಗ ಮಡಿಲಲ್ಲಿ ಕಟ್ಟಿಕೊಂಡು ತರುವ ಸೊಪ್ಪು. ಅಣ್ಣೆ, ಹೊನಗೊನ್ನೆ, ಗಣಿಕೆ, ಗೋಣಿ, ಕೀರೆ. ಯಾರೂ ಬಿತ್ತಿದ್ದಲ್ಲ, ಯಾರೂ ನೀರು ಹಾಯಿಸಿದ್ದಲ್ಲ, ಕಾಸು ಕೊಟ್ಟು ತಂದದ್ದಂತೂ ಅಲ್ಲವೇ ಅಲ್ಲ. ಯಾವುದು ಕಹಿ, ಯಾವುದು ಎಳೆಯದು, ಯಾವುದನ್ನು ಬಾಣಂತಿಗೆ ಕೊಡಬೇಕು, ಯಾವುದರ ಜೊತೆ ಯಾವುದು ಹೊಂದುತ್ತದೆ ಎಂಬುದೆಲ್ಲ ಅವರ ಬೆರಳಿನಲ್ಲಿ ಇತ್ತು. ಆ ಸೊಪ್ಪನ್ನು ಹುರುಳಿಕಾಳೋ ಅಲಸಂದೆಯೋ ಹಾಕಿ ಬೇಯಿಸಿ, ನೀರು ಬಸಿದು, ಆ ಕಟ್ಟಿಗೆ ಖಾರ ಅರೆದು ಬಿಟ್ಟರೆ ಬಸ್ಸಾರು. ಮಿಕ್ಕ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಒಂದೇ ಪಾತ್ರೆ, ಒಂದೇ ಉರಿ, ಎರಡು ಅಡುಗೆ. ಬೇಯಿಸಿದ ನೀರಿನ ಸತ್ವವೂ ಮೋರಿಗೆ ಹೋಗಲಿಲ್ಲ. ಪಕ್ಕದಲ್ಲಿ ಬಿಸಿ ಮುದ್ದೆ. ಕಬ್ಬಿಣ, ಸುಣ್ಣ, ನಾರು, ಪ್ರೋಟೀನು ಅಂತ ಹೆಸರು ಹೇಳದೆ ಇಷ್ಟನ್ನೂ ಕಡಿಮೆ ಕಾಸಿನಲ್ಲಿ ಒಂದು ತಣಿಗೆಗೆ ಇಳಿಸಿದ ಹೆಂಗಸಿಗೆ ನೀವು ಪೌಷ್ಟಿಕ ಆಹಾರದ ಕರಪತ್ರ ಹಂಚುತ್ತೀರಿ!

ಆ ಸೊಪ್ಪು ಎಲ್ಲಿ ಹೋಯಿತು? ಬೆನ್ನಿಗೆ ಡ್ರಮ್ಮು ಕಟ್ಟಿಕೊಂಡು ಒಬ್ಬ ಗಂಡಸು ಬಂದ. ಹತ್ತು ಹೆಂಗಸರು ಎರಡು ದಿನ ಕೂತು ಕೀಳುತ್ತಿದ್ದ ಕಳೆಯನ್ನು ಒಂದು ಬೆಳಿಗ್ಗೆಯಲ್ಲಿ ಸುಟ್ಟು ಹಾಕಿದ. ಗ್ಲೈಫೋಸೇಟ್ ಹೊಡೆದ ಬದುವಿನಲ್ಲಿ ಹೊನಗೊನ್ನೆ ಇರುವುದಿಲ್ಲ, ಇದ್ದರೂ ಕೀಳುವ ಧೈರ್ಯ ಯಾರಿಗೂ ಇಲ್ಲ. ಕಳೆನಾಶಕ ಕೊಂಡವನಿಗೆ ಕೂಲಿ ಉಳಿಯಿತು, ಹೌದು. ಆಳು ಸಿಗದೆ ಒದ್ದಾಡುವ ಸಣ್ಣ ರೈತನ ಕಷ್ಟ ನನಗೆ ತಿಳಿಯದ್ದೇನಲ್ಲ. ಆದರೆ ಹೆಂಗಸರಿಗೆ ಕೂಲಿಯೂ ಹೋಯಿತು, ಸಾರೂ ಹೋಯಿತು. ಕೃಷಿ ಇಲಾಖೆಯ ಪುಸ್ತಕದಲ್ಲಿ ಅದು ಉತ್ಪಾದನಾ ವೆಚ್ಚದ ಉಳಿತಾಯ ಅಂತ ದಾಖಲಾಗಿರುತ್ತದೆ. ಮಿಕ್ಕ ಸೊಪ್ಪು ಇದ್ದದ್ದು ಕೆರೆ ಅಂಗಳದಲ್ಲಿ, ಗೋಮಾಳದಲ್ಲಿ. ಅಲ್ಲೀಗ ಸೈಟು ಕಲ್ಲು ನೆಟ್ಟಿದ್ದಾರೆ. ಕೆರೆಯ ಮೀನಿಗೆ ಟೆಂಡರು ಆಗಿದೆ. ಕರಾವಳಿಯಲ್ಲಿ ಬಡವರ ಮೀನಾದ ಬೂತಾಯಿಯದ್ದೂ ಇದೇ ಕತೆ. ಬೋಟಿನಿಂದ ಇಳಿದದ್ದರಲ್ಲಿ ದೊಡ್ಡ ಪಾಲು ಫಿಶ್‌ಮೀಲ್ ಫ್ಯಾಕ್ಟರಿಗೆ ಹೋಗಿ, ಹಿಟ್ಟಾಗಿ, ಎಣ್ಣೆಯಾಗಿ ಎಲ್ಲೋ ಸಾಕುವ ಸಿಗಡಿಗೆ ಮೇವಾಗುತ್ತದೆ. ಹಿತ್ತಲಲ್ಲಿ ಪುಕ್ಕಟೆ ಸಿಗುತ್ತಿದ್ದ ನುಗ್ಗೆ ಸೊಪ್ಪು ಮೊರಿಂಗಾ ಪುಡಿಯಾಗಿ ಸಣ್ಣ ಡಬ್ಬದಲ್ಲಿ ಕೂತಿದೆ. ಅದರ ಬೆಲೆ ನೋಡಿದರೆ ನುಗ್ಗೆ ಮರಕ್ಕೇ ತಲೆ ತಿರುಗಬೇಕು.

ರಾಗಿಗೂ ಇದನ್ನೇ ಮಾಡಿದರು. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಸುಣ್ಣದಂಶವಿದೆ, ಪಾಲಿಶ್ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯ ಎಂಬ ವಿಜ್ಞಾನಿ ಭಾರತದ ತಳಿಗೂ ಆಫ್ರಿಕಾದ ತಳಿಗೂ ಸಂಕರ ಮಾಡಿ ಇಂಡಾಫ್ ರಾಗಿ ತಳಿಗಳನ್ನು ಕೊಟ್ಟರು, ಮಳೆ ನಂಬಿದ ಹೊಲದಲ್ಲೂ ಇಳುವರಿ ಏರಿತು. ಆ ಕಾಲಕ್ಕೆ ಮುದ್ದೆ ಉಣ್ಣುವವನು ಪೇಟೆಯವರ ಕಣ್ಣಿಗೆ ಗಮಾರ. ಹಾಸ್ಟೆಲಿನಲ್ಲಿ ಮುದ್ದೆ ನುಂಗುವುದನ್ನು ನೋಡಿ ನಕ್ಕವರು ಇದ್ದರು. ಅನ್ನ ಅಂದರೆ ಹಬ್ಬ, ಅನ್ನ ಅಂದರೆ ಮರ್ಯಾದೆ ಅಂತ ನಮ್ಮ ಮಕ್ಕಳ ತಲೆಗೆ ತುಂಬಿದರು. ಮಕ್ಕಳು ನಂಬಿದವು. ಆಮೇಲೆ ಪೇಟೆಯವರಿಗೆ ಸಕ್ಕರೆ ಕಾಯಿಲೆ ಬಂತು. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು, ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೇಳಗಳಾದವು, ನವಣೆಗೂ ಸಾಮೆಗೂ ಕೊರಲೆಗೂ ಬಣ್ಣದ ಪ್ಯಾಕೆಟ್ಟು ಬಂತು, ಕಿಲೋಗೆ ನೂರರ ಮೇಲೆ ಬೆಲೆ ಕೂತಿತು. ಗತಿಯಿಲ್ಲದವರ ಕೂಳು ಅನ್ನಿಸಿಕೊಂಡಿದ್ದು ಈಗ ಗತಿಯಿಲ್ಲದವರಿಗೆ ನಿಲುಕದು. ರಾಗಿ ಬಿಸ್ಕತ್ತು, ರಾಗಿ ಪಾಸ್ತಾ, ರಾಗಿ ಐಸ್‌ಕ್ರೀಮು! ತಿನ್ನಲಿ ಬಿಡಿ, ಅವರ ಆರೋಗ್ಯವೂ ಚೆನ್ನಾಗಿರಲಿ. ನನ್ನ ತಕರಾರು ಇಷ್ಟೆ: ನಮ್ಮನ್ನು ನಕ್ಕ ಬಾಯಿಯೇ ಈಗ ನಮಗೆ ರಾಗಿಯ ಗುಣಗಾನ ಮಾಡಬಾರದು.

ಅನ್ನಭಾಗ್ಯದ ಬಗ್ಗೆ ಹುಷಾರಾಗಿ ಮಾತಾಡಬೇಕು, ಯಾಕೆಂದರೆ ಅದನ್ನು ಬೈಯುವ ಬಹುಪಾಲು ಮಂದಿ ನಮ್ಮ ಶತ್ರುಗಳು. 2013ರಲ್ಲಿ ಕಿಲೋಗೆ ಒಂದು ರೂಪಾಯಿಯ ಅಕ್ಕಿ ಬಂದಾಗ 'ಕೂಲಿಯಾಳು ಸೋಮಾರಿ ಆಗ್ತಾರೆ' ಅಂತ ಕೂಗಿದವರ ಮುಖ ನೆನಪಿದೆ. ಹಸಿದ ಹೊಟ್ಟೆ ಅಗ್ಗದ ಕೂಲಿಗೆ ಒಪ್ಪುತ್ತದೆ. ತುಂಬಿದ ಹೊಟ್ಟೆ 'ಇಷ್ಟು ಕೊಟ್ಟರೆ ಬರ್ತೀನಿ' ಅನ್ನುತ್ತದೆ. ಸೋಮಾರಿತನದ ಕೂಗಿನ ಒಳಗಿದ್ದ ಸಂಕಟ ಅದು. ಆ ಅಕ್ಕಿ ನಮ್ಮ ಕೇರಿಗಳಲ್ಲಿ ಒಲೆ ಹಚ್ಚಿಸಿತು, ಅದನ್ನು ಮರೆಯುವುದು ಕೃತಘ್ನತೆ. ಆದರೆ ಬರೀ ಅಕ್ಕಿಯಿಂದ ರಕ್ತ ಊರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಶೇ 65.5, ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಐಟಿ ರಾಜಧಾನಿಯ ರಾಜ್ಯದ ಅಂಕಿ ಇವು.

ಇದಕ್ಕೆ ದೆಹಲಿ ಕಂಡುಕೊಂಡ ಮದ್ದು ಸಾರವರ್ಧಿತ ಅಕ್ಕಿ. ಅಕ್ಕಿಯನ್ನು ಬೆಳ್ಳಗೆ ಹೊಳೆಯುವ ತನಕ ಪಾಲಿಶ್ ಮಾಡಿ ತೌಡನ್ನು ತೆಗೆಯುವುದು, ಆಮೇಲೆ ಕಾರ್ಖಾನೆಯಲ್ಲಿ ಕಬ್ಬಿಣದಂಶ ಬೆರೆಸಿ ಒತ್ತಿದ ಕಾಳನ್ನು ನೂರಕ್ಕೆ ಒಂದರಂತೆ ಸೇರಿಸುವುದು. 2028ರ ಡಿಸೆಂಬರ್ ತನಕ ಇದಕ್ಕೆ ತೆಗೆದಿಟ್ಟಿದ್ದು 17,082 ಕೋಟಿ ರೂಪಾಯಿ. ನಮ್ಮ ಹೆಂಗಸರು ಅಕ್ಕಿ ಆರಿಸುವಾಗ ಆ ಕಾಳನ್ನು 'ಪ್ಲಾಸ್ಟಿಕ್ ಅಕ್ಕಿ' ಅಂತ ಎತ್ತಿ ಎಸೆಯುತ್ತಾರೆ. ಅಜ್ಞಾನ ಅನ್ನಬೇಡಿ. ಅವರನ್ನು ಒಂದು ಮಾತು ಕೇಳದೆ ಅವರ ಮೊರಕ್ಕೆ ತಂದು ಸುರಿದರೆ ಅವರು ಇನ್ನೇನು ಮಾಡುತ್ತಾರೆ?

ಪಕ್ಕದ ತಮಿಳುನಾಡು 2007ರಿಂದಲೇ ರೇಷನ್ ಅಂಗಡಿಯಲ್ಲಿ ಕಡಿಮೆ ದರಕ್ಕೆ ತೊಗರಿಬೇಳೆ, ತಾಳೆ ಎಣ್ಣೆ ಕೊಡುತ್ತ ಬಂದಿದೆ. ತೊಗರಿ ಬೆಳೆಯುವವರು ನಾವು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಪಟ್ಟ ಬೇರೆ ಸಿಕ್ಕಿದೆ. ಆ ತೊಗರಿ ಕೊಯ್ದು, ಕಟ್ಟಿ, ಬಡಿದು, ತೂರಿ ಚೀಲ ತುಂಬಿದವಳ ಮನೆಯಲ್ಲಿ ಬೇಳೆಯ ಸಾರು ತೆಳ್ಳಗೆ, ತಳ ಕಾಣುವ ಹಾಗೆ. 2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು ಒಪ್ಪಿತು. ಅಕ್ಕಿಯ ಬದಲು ಬೇಳೆ ಅನ್ನಲು ವಿಧಾನಸೌಧಕ್ಕೆ ಹನ್ನೆರಡು ವರ್ಷ ಹಿಡಿಯಿತು. ಅಲ್ಲಿಯ ತನಕ ನಮ್ಮ ಜನ ತಾವೇ ದಾರಿ ಮಾಡಿಕೊಂಡಿದ್ದರು: ಹೆಚ್ಚಾದ ರೇಷನ್ ಅಕ್ಕಿಯನ್ನು ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಕಾಸಿಗೆ ಕೊಟ್ಟು ಬೇಳೆ ಎಣ್ಣೆ ತರುವುದು. ಅದಕ್ಕೆ ಕಾರ್ಡು ರದ್ದು ಮಾಡುತ್ತೇವೆ ಅನ್ನುವ ಬೆದರಿಕೆ. ಅಕ್ಕಿಯನ್ನು ಲಾರಿಗಟ್ಟಲೆ ಸಾಗಿಸುವವನ ಮೇಲೆ ಕೇಸು ಹಾಕಿ, ಬೇಡ ಅನ್ನುವುದಿಲ್ಲ. ನಾಲ್ಕು ಕಿಲೋ ಅಕ್ಕಿ ಕೊಟ್ಟು ಕಾಲು ಕಿಲೋ ಬೇಳೆ ತಂದವಳನ್ನು ಕಳ್ಳಿ ಅನ್ನಬೇಡಿ. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವನ ಮನೆಮಂದಿ ಕದ್ದು ತಂದ ಕಡಲೆಕಾಯಿಯನ್ನು ರಾತ್ರೋರಾತ್ರಿ ತಿಂದು ಮುಗಿಸುತ್ತಾರಲ್ಲ, ಬೆಳಗಾದರೆ ಪೊಲೀಸರು ಬರುತ್ತಾರಲ್ಲ, ಆ ಕತೆ ಬಂದು ನಲವತ್ತು ವರ್ಷದ ಮೇಲಾಯಿತು. ಬಡವರ ಬಾಯಿಗೆ ಪ್ರೋಟೀನು ಬಿದ್ದರೆ ಪೊಲೀಸರು ಬರುವ ಪದ್ಧತಿ ಇನ್ನೂ ನಿಂತಿಲ್ಲ.

ಪೊಲೀಸರ ಮಾತು ಸುಮ್ಮನೆ ಎತ್ತಲಿಲ್ಲ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಜಾರಿಗೆ ಬಂದ ಮೇಲೆ 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಮಿಕ್ಕ ದನವನ್ನು ಕಡಿದರೆ ಮೂರರಿಂದ ಏಳು ವರ್ಷ ಜೈಲು, 50,000ದಿಂದ 5 ಲಕ್ಷ ರೂಪಾಯಿ ತನಕ ದಂಡ. ಕುರಿ ಮಾಂಸದ ಬೆಲೆ ಕೇಳಿ ವಾಪಸು ಬರುವ ದಲಿತರಿಗೆ, ಮುಸ್ಲಿಮರಿಗೆ, ಕ್ರೈಸ್ತರಿಗೆ ದನದ ಮಾಂಸವೇ ವಾರಕ್ಕೊಮ್ಮೆಯ ಗಟ್ಟಿ ಊಟ. ಹಾಗೆ ತಿಂದೇ ನಮ್ಮ ಹಿರಿಯರು ಕಲ್ಲು ಒಡೆದರು, ಕಟ್ಟೆ ಕಟ್ಟಿದರು, ನಿಮ್ಮ ಗೋದಾಮುಗಳಲ್ಲಿ ಮೂಟೆ ಹೊತ್ತರು. ಅವರ ಬೆನ್ನು ಬೇಕಿತ್ತು, ಆ ಬೆನ್ನು ತಿಂದ ಊಟ ಮಾತ್ರ ಹೊಲಸು! 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ನಿಯಮದಲ್ಲಿ ಮದ್ಯ, ತಂಬಾಕಿನ ಪಕ್ಕದಲ್ಲೇ ಮಾಂಸಾಹಾರವನ್ನೂ ಕೂರಿಸಿ ನಿಷೇಧ ಅಂತ ಬರೆದರು. ಯಾವ ನೆಲದಲ್ಲಿ? ಬಾಡು ಇಲ್ಲದೆ ಬೀಗರ ಊಟ ಮುಗಿಯದ ಮಂಡ್ಯದಲ್ಲಿ. 'ಬಾಡೇ ನಮ್ಮ ಗಾಡು' ಅಂತ ಹುಡುಗರು ಬೀದಿಗೆ ಬಂದದ್ದನ್ನು ಕೆಲವು ಹಿರಿಯ ಸಾಹಿತಿಗಳು ಹುಡುಗಾಟ ಅಂದುಕೊಂಡರು. ಅದು ಆ ಸಮ್ಮೇಳನದಲ್ಲಿ ಕೇಳಿಬಂದ ಅತ್ಯುತ್ತಮ ಸಾಲು ಅಂತ ನಾನು ತಿಳಿದಿದ್ದೇನೆ.

ಮತ್ತೆ ಮೊಟ್ಟೆ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನು, ಬೆಲೆ ಆರೇಳು ರೂಪಾಯಿ, ಒಳಗೆ ಕಲಬೆರಕೆ ಮಾಡಲು ಬರುವುದಿಲ್ಲ, ಗುತ್ತಿಗೆದಾರ ನೀರು ಬೆರೆಸಲಾರ. ಬಡ ಮಗುವಿಗೆ ಇದಕ್ಕಿಂತ ಅನುಕೂಲದ ಆಹಾರ ಇನ್ನೊಂದಿಲ್ಲ. 2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದ್ದೇ ತಡ, ಮಠಗಳಿಂದ ವಿರೋಧ ಬಂತು. ಬೇಡದ ಮಗುವಿಗೆ ಬಾಳೆಹಣ್ಣು ಇತ್ತು, ಯಾರ ಬಾಯಿಗೂ ಯಾರೂ ತುರುಕುತ್ತಿರಲಿಲ್ಲ. ಆದರೂ ಪಕ್ಕದ ಮಗು ತಿನ್ನಬಾರದು! ನಮ್ಮ ಬಿಸಿಯೂಟದ ಯೋಜನೆಗೆ ಇಟ್ಟ ಹೆಸರು ಅಕ್ಷರ ದಾಸೋಹ. ಕಾಯಕ ಮಾಡಿ ದಣಿದವರಿಗೆ ಉಣ್ಣಿಸಿದ ಶರಣರ ದಾಸೋಹಕ್ಕೆ ವಾರಸುದಾರರು ತಾವೇ ಅನ್ನುವವರು ಕೂಲಿ ಮಾಡಿ ದಣಿದವರ ಮಕ್ಕಳ ತಟ್ಟೆಗೆ ಕೈ ಹಾಕಿದರು. ಶಾಲೆಗಳಿಗೆ ಬಿಸಿಯೂಟ ಪೂರೈಸುವ ಬೆಂಗಳೂರಿನ ಅಕ್ಷಯ ಪಾತ್ರೆ ಸಂಸ್ಥೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ, ಸರ್ಕಾರ ಕೇಳಿದಾಗಲೂ ಒಪ್ಪಲಿಲ್ಲ. 2022ರಲ್ಲಿ ಹೊಸ ಶಿಕ್ಷಣ ನೀತಿಗೆಂದು ಕರ್ನಾಟಕದಿಂದ ಹೋದ ಒಂದು ನಿಲುವು ಪತ್ರವಂತೂ ಮೊಟ್ಟೆ, ಮಾಂಸ ಪದೇ ಪದೇ ತಿಂದರೆ ಜೀವನಶೈಲಿಯ ರೋಗ ಬರುತ್ತದೆ ಅಂದಿತು. ಯಾದಗಿರಿಯ ಕಡ್ಡಿಯಂಥ ಮಗುವಿಗೆ ಜೀವನಶೈಲಿಯ ರೋಗ! ಅಳೆದು ನೋಡಿದವರೂ ಇದ್ದಾರೆ. ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದವರು ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನೂ ತಿನ್ನದ ಗದಗದ ಮಕ್ಕಳನ್ನೂ ತೂಗಿದರು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಬಾಳೆಹಣ್ಣು, ಮೊಟ್ಟೆ ಎರಡನ್ನೂ ಮುಂದಿಟ್ಟಾಗ ಬಹುಪಾಲು ಮಕ್ಕಳು ಕೈ ಚಾಚಿದ್ದು ಮೊಟ್ಟೆಗೇ.

ಇನ್ನೊಂದು ಬಡತನ ಇದೆ, ಅದನ್ನು ಕರಪತ್ರಗಳು ಮುಟ್ಟುವುದೇ ಇಲ್ಲ. ಹೊತ್ತಿನ ಬಡತನ. ಬೆಳಿಗ್ಗೆ ನಾಲ್ಕಕ್ಕೆ ಎದ್ದು, ನೀರು ಹಿಡಿದು, ಗಾರ್ಮೆಂಟ್ಸ್ ಗಾಡಿ ಹತ್ತುವ ಹೆಂಗಸು ಕಾಳು ಮೊಳಕೆ ಕಟ್ಟಿ, ಸೊಪ್ಪು ಸೋಸಿ, ಖಾರ ಅರೆಯುವುದು ಯಾವಾಗ? ಡಬ್ಬಿಗೆ ಚಿತ್ರಾನ್ನ ಹೋಗುತ್ತದೆ, ಅದರಲ್ಲಿ ಕಡಲೆಬೀಜ ಬೆರಳೆಣಿಕೆಯಷ್ಟು, ಅದನ್ನೂ ಮಗನ ಡಬ್ಬಿಗೆ ಆರಿಸಿ ಹಾಕಿರುತ್ತಾಳೆ. ಬಾಡಿಗೆ ಮನೆಯಲ್ಲಿ ಒಣಮೀನು ಹುರಿದರೆ ಓನರ್ ಬಾಗಿಲು ಬಡಿಯುತ್ತಾನೆ, 'ವೆಜ್‌ನವರಿಗೆ ಮಾತ್ರ' ಅಂತ ಬೋರ್ಡು ತೂಗುಹಾಕಿದ ಬೀದಿಗಳಲ್ಲಿ ಮನೆಯೇ ಸಿಗುವುದಿಲ್ಲ. ರಾತ್ರಿ ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದನ್ನು ಅವಳು ಉಣ್ಣುತ್ತಾಳೆ. ಈ ಒಂದು ವಿಷಯದಲ್ಲಿ ಸರ್ಕಾರ, ಮಠ, ಮಾರುಕಟ್ಟೆಗಳನ್ನು ಬೈದು ಕೈ ತೊಳೆದುಕೊಳ್ಳುವ ಹಾಗಿಲ್ಲ. ಬಂಡಾಯ ಮಾತಾಡುವ ನಮ್ಮ ಗಂಡಸರೂ ಮೊದಲು ಉಂಡು ಎದ್ದವರೇ. ಕ್ರಾಂತಿಗೀತೆ ಹಾಡಿ ಬಂದವನಿಗೆ ಬಿಸಿ ಮುದ್ದೆ ತಟ್ಟೆಯಲ್ಲಿ ಕಾಯುತ್ತಿರುತ್ತದೆ. ರಕ್ತಹೀನತೆಯ ಆ ಶೇ 47.8ರಲ್ಲಿ ನಮ್ಮ ಮನೆಗಳ ಹೆಂಗಸರೂ ಇದ್ದಾರೆ.

ಹಾಗಾದರೆ ಏನು ಬೇಕು ಅಂತ ಕೇಳುವವರಿಗೆ ಹೇಳುತ್ತೇನೆ. ಉಪದೇಶ ಬೇಡ, ಸಾಕು. ದಕ್ಷಿಣದಲ್ಲಿ ರಾಗಿಯನ್ನೂ ಉತ್ತರದಲ್ಲಿ ಬಿಳಿಜೋಳವನ್ನೂ ಬೆಂಬಲ ಬೆಲೆಗೆ ರೈತರಿಂದ ಕೊಂಡು, ವರ್ಷವಿಡೀ ರೇಷನ್ನಿನಲ್ಲಿ ಕೊಡಿ. ಒಂದು ಸುಗ್ಗಿಗೆ ಕೊಟ್ಟು ಮುಂದಿನ ಸುಗ್ಗಿ ತನಕ ನಾಪತ್ತೆ ಆಗಬೇಡಿ. ಬೇಳೆಯ ಕಿಟ್ಟಿನ ಮೇಲೆ ಯಾರ ಫೋಟೋ ಹಾಕಬೇಕೆಂಬ ಚರ್ಚೆ ಬಿಟ್ಟು ಒಳಗಿನ ಬೇಳೆಯ ತೂಕ ಹೆಚ್ಚಿಸಿ. 2025ರಲ್ಲಿ ಪ್ರಾಥಮಿಕ ಶಾಲೆಯ ಒಂದು ಮಗುವಿನ ಬಿಸಿಯೂಟದ ಅಡುಗೆ ಖರ್ಚಿಗೆ ಕೇಂದ್ರ ಗೊತ್ತು ಮಾಡಿದ ದರ 6 ರೂಪಾಯಿ 78 ಪೈಸೆ. ಬೇಳೆ, ತರಕಾರಿ, ಎಣ್ಣೆ, ಗ್ಯಾಸು ಎಲ್ಲ ಅದರೊಳಗೇ. ಈ ದರ ಕೂಡಿ ಕಳೆದ ಅಧಿಕಾರಿ ಮಧ್ಯಾಹ್ನ ಕುಡಿಯುವ ಕಾಫಿಗೂ ಅದು ಸಾಲದು. ಬಿಸಿಯೂಟ ಬೇಯಿಸುವ ಹೆಂಗಸಿಗೆ ಕೇಂದ್ರ 2009ರಲ್ಲಿ ಗೊತ್ತು ಮಾಡಿದ ಗೌರವಧನ ತಿಂಗಳಿಗೆ 1,000 ರೂಪಾಯಿ. ಅದನ್ನು ಏರಿಸುವ ಮನಸ್ಸು ಆಮೇಲೆ ಯಾರಿಗೂ ಬರಲಿಲ್ಲ, ಮೇಲಿನದ್ದನ್ನು ರಾಜ್ಯವೇ ಹಾಕಿಕೊಂಡು ಬಂದಿದೆ. ನೂರಾರು ಮಕ್ಕಳಿಗೆ ಉಣ್ಣಿಸಿ ಬಂದವಳ ಸ್ವಂತ ಮಕ್ಕಳ ತಟ್ಟೆ ಆ ಗೌರವದಲ್ಲಿ ತುಂಬಬೇಕು.

ಮೊಟ್ಟೆಯ ವಿಷಯಕ್ಕೆ ಒಂದು ನೇರ ಪ್ರಶ್ನೆ ಉಳಿದಿದೆ. ಈಗ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಇದೆ, ಸಂತೋಷ. ಅದರಲ್ಲಿ ಎರಡು ದಿನದ್ದು ಮಾತ್ರ ಸರ್ಕಾರದ ದುಡ್ಡು. ನಾಲ್ಕು ದಿನದ್ದನ್ನು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಕೊಡುತ್ತಿದೆ, 2024ರಲ್ಲಿ ಆದ ಒಪ್ಪಂದದಂತೆ ಮೂರು ವರ್ಷಕ್ಕೆ 1,500 ಕೋಟಿಯಷ್ಟು. ಕೊಟ್ಟವರಿಗೆ ನಮಸ್ಕಾರ. ಆದರೆ ಲಕ್ಷಾಂತರ ಕೋಟಿಯ ಬಜೆಟ್ ಮಂಡಿಸುವ ರಾಜ್ಯ ತನ್ನ ಮಕ್ಕಳ ಮೊಟ್ಟೆಗೆ ಒಬ್ಬ ಸಾಹುಕಾರನ ಔದಾರ್ಯ ಕಾಯಬೇಕೆ? ಆ ಮೂರು ವರ್ಷ 2027ರಲ್ಲಿ ಮುಗಿಯುತ್ತದೆ. ಮುಗಿದ ಮಾರನೆಯ ದಿನ ಆ ನಾಲ್ಕು ಮೊಟ್ಟೆ ಎಲ್ಲಿಂದ ಬರುತ್ತವೆ, ಯಾವ ಲೆಕ್ಕಶೀರ್ಷಿಕೆಯಿಂದ, ಎಷ್ಟು ಕೋಟಿ? ಮುಖ್ಯಮಂತ್ರಿಗಳೂ ಹಣಕಾಸು ಇಲಾಖೆಯವರೂ ಅದನ್ನು ಈಗಲೇ, ಬಜೆಟ್ ಪುಸ್ತಕದಲ್ಲಿ, ಅಂಕಿಯಲ್ಲಿ ಬರೆದು ತೋರಿಸಲಿ.